ವಕೀಲಿ ಪರೀಕ್ಷೆಯ ಪೂರ್ವವೃತ್ತಾಂತ

ಹೊಸಪೇಟೆಯಿಂದ ಹಂಪೆಗೆ ಹೋಗುವ ಹಾದಿಯಲ್ಲಿ ಅನಂತಶಯನಗುಡಿಯನ್ನು ದಾಟಿದ ಮೇಲೆ ಕಡ್ಡಿರಾಂಪುರವೆಂಬ ಗ್ರಾಮವು ಸಿಕ್ಕುವುದು. ವಿರೂಪಾಕ್ಷನ ದರ್ಶನಕ್ಕೆ ಹೋಗುವ ಯಾತ್ರಿಕರು ಇಲ್ಲಿ ಇಳಿಯುವುದು ಅಪರೂಪ. ಕಲಬುರಗಿಯ ಬಹಮನಿ ಗೋರಿಗಳ ಮಾದರಿಯಲ್ಲಿ ಕಟ್ಟಿದ ಎರಡು ಗೋರಿಗಳು ಇಲ್ಲಿರುವುವಾಗಿ, ಶಿಲ್ಪಶೋಧಕರು ಮಾತ್ರ ಆಗಾಗ್ಗೆ ಬಂದು ಹೋಗುವುದುಂಟು. ೨೦೧೧ನೆಯ ಇಸವಿಯ ತರುವಾಯ ಈ ಗ್ರಾಮಕ್ಕೆ ಇನ್ನೊಂದು ವಿಧದ ಚರಿತ್ರೆಯೂ ಸೇರಿತು. ಆ ವರ್ಷದ ಜುಲೈ ತಿಂಗಳಿನಲ್ಲಿ ಹಂಪೆಯ ರಥಬೀದಿಯ ಸಾಲುಮಂಟಪಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ಮನೆ ಅಂಗಡಿಗಳನ್ನು ಮಾಡಿಕೊಂಡಿದ್ದ ಕುಟುಂಬಗಳನ್ನು ಸ್ಮಾರಕಗಳ ಸಂರಕ್ಷಣೆಯ ಕಾರಣದಿಂದ ತೆರವು ಮಾಡಿಸಲಾಗಿ, ಅವರಿಗೆ ಕಡ್ಡಿರಾಂಪುರದಲ್ಲಿ ನಿವೇಶನಗಳನ್ನು ಗೊತ್ತುಮಾಡಿದರು. ಹೀಗೆ ಬಂದು ನೆಲಸಿದ ಮನೆಗಳಲ್ಲೊಂದರ ಹುಡುಗಿಯು ಕಾಯಿದೆಯ ವಿದ್ಯಾಭ್ಯಾಸವನ್ನು ಮುಗಿಸಿ, ವಕೀಲಿ ಪರೀಕ್ಷೆಗಾಗಿ ಓದುತ್ತಿದ್ದ ಕಾಲದಲ್ಲಿ ನಾನು ಆಕೆಯ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೆನು. ಆಕೆಯ ಓದನ್ನು ನೋಡುತ್ತ ನೋಡುತ್ತ, ಈ ಪರೀಕ್ಷೆಯೆಂಬುದು ನಮ್ಮ ದೇಶಕ್ಕೆ ಹೇಗೆ ಬಂದಿತು, ಹಿಂದಿನವರು ಇದಕ್ಕಾಗಿ ಯಾವ ಪರಿಯ ಪ್ರಯಾಸವನ್ನು ಪಟ್ಟರು ಎಂಬ ಕುತೂಹಲವು ನನ್ನಲ್ಲಿ ಹುಟ್ಟಿತು. ಅದರ ಫಲವೇ ಈ ಲೇಖನ. ನಾನು ಕಾಯಿದೆಯನ್ನು ಬಲ್ಲವನಲ್ಲ. ಪಾಠಶಾಲೆಯಲ್ಲಿ ಸಂಸ್ಕೃತವನ್ನೋದಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವನು. ತಿಳಿದವರು ಕುಂದುಗಳನ್ನು ಕ್ಷಮಿಸಬೇಕು.

೧

ಮೊದಲು ನಮ್ಮ ಪ್ರಾಚೀನರ ಪದ್ಧತಿಯನ್ನು ಸಂಕ್ಷೇಪವಾಗಿ ನೋಡೋಣ. ಯಾಜ್ಞವಲ್ಕ್ಯಸ್ಮೃತಿಯು ಆಚಾರ, ವ್ಯವಹಾರ, ಪ್ರಾಯಶ್ಚಿತ್ತವೆಂದು ಮೂರು ಕಾಂಡಗಳುಳ್ಳದ್ದು. ಅದರ ವ್ಯವಹಾರಕಾಂಡವೇ ಇಂದಿನವರು ಕಾಯಿದೆಯೆನ್ನುವ ಭಾಗ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ಕ್ರಿ. ಶ. ೧೦೭೬ರಿಂದ ೧೧೨೬ರ ನಡುವೆ, ನಮ್ಮ ಕನ್ನಡನಾಡಿನಲ್ಲಿಯೇ ಇದ್ದವನೆಂಬುದು ಅಭಿಮಾನದ ವಿಷಯವು. ವಿಜಯನಗರದ ಆದಿಕಾಲದಲ್ಲಿ ಮಾಧವಾಚಾರ್ಯರು ಪರಾಶರಸ್ಮೃತಿಗೆ ಬರೆದ ವ್ಯಾಖ್ಯಾನವೂ ಇಂತಹುದೇ. ಮೂಲಸ್ಮೃತಿಯಲ್ಲಿ ವ್ಯವಹಾರಕಾಂಡವೇ ಇಲ್ಲದಿರಲು, ರಾಜಧರ್ಮವನ್ನು ಹೇಳುವ ಒಂದು ಮಾತನ್ನಾಧಾರವಾಗಿಟ್ಟುಕೊಂಡು ಅವರು ಇಡೀ ವ್ಯವಹಾರಕಾಂಡವೊಂದನ್ನು ಕಟ್ಟಿಕೊಟ್ಟರು. ಹೊಸದಾಗಿ ಹುಟ್ಟಿದ ರಾಜ್ಯಕ್ಕೆ ನ್ಯಾಯನಿರ್ಣಯದ ಗ್ರಂಥವು ಆವಶ್ಯಕವೆಂದು ಅವರಿಗೆ ತೋರಿರಬೇಕು.

ಈ ಗ್ರಂಥಗಳ ಪ್ರಕಾರ ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣವನ್ನು ತೋರಿಸುವ ಕ್ರಿಯೆ, ಕಡೆಗೆ ಸಾಧ್ಯಸಿದ್ಧಿ. ಉತ್ತರವು ಮರಳಿ ನಾಲ್ಕು ವಿಧ. ಒಪ್ಪಿಕೊಳ್ಳುವುದು ಒಂದು, ಸುಳ್ಳೆನ್ನುವುದು ಒಂದು, ನಿಜವಾದರೂ ಬೇರೆ ಕಾರಣವುಂಟೆನ್ನುವುದು ಒಂದು, ಈ ವಿವಾದವು ಹಿಂದೆಯೇ ತೀರಿಹೋಗಿದೆಯೆನ್ನುವ ಪ್ರಾಙ್ನ್ಯಾಯವು ಒಂದು. ೧೯೦೮ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯ ೧೧ನೆಯ ಪ್ರಕರಣದಲ್ಲಿ ರೆಸ್ ಜುಡಿಕೇಟಾ ಎಂಬ ಲ್ಯಾಟಿನ್ ಹೆಸರಿನಿಂದ ಪ್ರಸಿದ್ಧವಾಗಿರುವ ತತ್ತ್ವವು ಈ ಪ್ರಾಙ್ನ್ಯಾಯವೇ ಅಲ್ಲವೆ?

ಇಷ್ಟು ಬಲಿತಿದ್ದ ಶಾಸ್ತ್ರದಲ್ಲಿ ವಕೀಲನಿಗೆ ಮಾತ್ರ ಸ್ಥಾನವು ಬಹಳ ಕಿರಿದು. ತಂದೆಯೂ ಮಗನೂ ಸಹೋದರನೂ ನಿಯುಕ್ತನಾದ ಪ್ರತಿನಿಧಿಯೂ ಅಲ್ಲದೆ ಪರರ ವ್ಯವಹಾರದಲ್ಲಿ ಮಾತನಾಡುವವನು ದಂಡಾರ್ಹನೆಂದು ನಾರದನು ಹೇಳಿದ್ದಾನೆ. ೧೪೪೩ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ಕಂಬಗಳ ದೊಡ್ಡ ಚಾವಡಿಯೊಂದರಲ್ಲಿ ದಣಾಯಕನು ಕುಳಿತು ನ್ಯಾಯವಿಚಾರಣೆ ಮಾಡುತ್ತಿದ್ದುದನ್ನು ವರ್ಣಿಸಿದ್ದಾನೆ. ಅಹವಾಲುಳ್ಳವನು ನೆಲಕ್ಕೆ ತಲೆಬಾಗಿ, ಎದ್ದು ನಿಂತು, ತನ್ನ ಮಾತನ್ನು ತಾನೇ ಹೇಳಿಕೊಳ್ಳುತ್ತಿದ್ದನಂತೆ. ಬಾಯಿಯುಳ್ಳವನಿಗೆ ಇದು ಸುಲಭವಾದ ಪದ್ಧತಿಯು. ಬಾಯಿಯಿಲ್ಲದವನ ಗತಿಯೇನಾಗುತ್ತಿತ್ತೆಂಬುದನ್ನು ರಜಾಕನು ಬರೆದಿಲ್ಲ.

೨

ಪರರ ಪಕ್ಷವನ್ನು ಹಿಡಿದು ಮಾತನಾಡುವುದಕ್ಕೆ ಸರಕಾರದ ಸನ್ನದು ಬೇಕೆಂಬ ಏರ್ಪಾಡು ಕಂಪೆನಿಯವರ ಕಾಲದ್ದು. ಬಂಗಾಳದಲ್ಲಿ ೧೭೯೩ನೆಯ ಇಸವಿಯ ೭ನೆಯ ರೆಗ್ಯುಲೇಷನ್ನಿನಿಂದ ವಕೀಲರ ನೇಮಕವು ಕ್ರಮಕ್ಕೆ ಬಂದಿತು. ಅದರಲ್ಲಿ ಕಲ್ಕತ್ತೆಯ ಮದರಸಾ, ಕಾಶಿಯ ಸಂಸ್ಕೃತ ಪಾಠಶಾಲೆ, ಇವುಗಳ ವಿದ್ಯಾರ್ಥಿಗಳಿಗೆ ಪ್ರಾಶಸ್ತ್ಯವುಂಟೆಂದು ಗೊತ್ತುಮಾಡಿದ್ದರು. ಪಾಠಶಾಲೆಯ ವಿದ್ಯೆಗೆ ಇಂತಹ ಮನ್ನಣೆಯೊಂದು ಕಾಲದಲ್ಲಿ ಇದ್ದಿತೆಂದು ತಿಳಿದಾಗ ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆನು. ನ್ಯಾಯಾಧೀಶರ ಪಕ್ಕದಲ್ಲಿ ಧರ್ಮಶಾಸ್ತ್ರವನ್ನು ಹೇಳುವ ಪಂಡಿತರೂ ಇರುತ್ತಿದ್ದರು. ೧೮೧೦ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ತಂದನು. ಗ್ರಂಥವು ಇಂಗ್ಲಿಷಿನಲ್ಲಿ ದೊರೆತ ಮೇಲೆ ಪಂಡಿತನ ಗೊಡವೆಯೇಕೆ? ೧೮೬೪ರ ೧೧ನೆಯ ಆಕ್ಟಿನಿಂದ ಆ ಹುದ್ದೆಯನ್ನೇ ತೆಗೆದುಹಾಕಿದರು.

ನಮ್ಮ ಸೀಮೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ೧೮೦೦ರಲ್ಲಿ ನಿಜಾಮನು ಬಳ್ಳಾರಿ, ಕಡಪ ಮುಂತಾದ ಪ್ರಾಂತಗಳನ್ನು ಕಂಪೆನಿಗೆ ಬಿಟ್ಟುಕೊಟ್ಟನು. ಮನ್ರೋ ಸಾಹೇಬನು ಇಲ್ಲಿಯ ಪ್ರಧಾನ ಕಲೆಕ್ಟರನಾಗಿ ಬಂದನು. ಅಂದಿನಿಂದ ೧೯೫೩ರ ವರೆಗೂ ಹೊಸಪೇಟೆಯವರಿಗೆ ದೊಡ್ಡ ಕೋರ್ಟೆಂದರೆ ಮದರಾಸಿನದೇ. ೧೮೪೬ರ ಆಕ್ಟು ವಕೀಲಿಯ ಬಾಗಿಲನ್ನು ಯೋಗ್ಯತಾಪತ್ರವುಳ್ಳ ಯಾವ ಜಾತಿಮತದವನಿಗಾದರೂ ತೆರೆಯಿತು. ಹೀಗೆ ತೆರೆದ ಬಾಗಿಲಿಗೆ ಪರೀಕ್ಷೆಯೆಂಬ ಹೊಸ್ತಿಲನ್ನಿಟ್ಟರು. ೧೮೫೬ರಲ್ಲಿ ಮದರಾಸು ಆಧಿಪತ್ಯದ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲಿ ತಿ. ಮುತ್ತುಸ್ವಾಮಿ ಅಯ್ಯರವರೊಬ್ಬರು. ಬಡತನದಲ್ಲಿ ಬೆಳೆದು, ಬೀದಿಯ ದೀಪದ ಬೆಳಕಿನಲ್ಲಿ ಓದಿದರೆಂದು ಹೇಳಿಸಿಕೊಂಡ ಆ ಮಹನೀಯರೇ ಮುಂದೆ ಮದರಾಸು ಹೈಕೋರ್ಟಿನಲ್ಲಿ ನ್ಯಾಯಾಧೀಶರಾದ ಮೊದಲನೆಯ ಭಾರತೀಯರು. ನನ್ನ ಬಾಲ್ಯದಲ್ಲಿ ಬೀದಿದೀಪದ ಕಥೆಯನ್ನು ಹೇಳದ ಉಪಾಧ್ಯಾಯರೇ ಇರಲಿಲ್ಲ. ನಾನೂ ಮೂವತ್ತು ವರ್ಷ ಅದನ್ನೇ ಮಕ್ಕಳಿಗೆ ಹೇಳಿದೆನು. ಬೀದಿದೀಪದ ಕೆಳಗೆ ಓದಿಯೂ ನ್ಯಾಯಾಧೀಶರಾಗದೆ ಹೋದವರೆಷ್ಟು ಮಂದಿಯೆಂದು ಯಾವ ಮಗುವೂ ಕೇಳಲಿಲ್ಲ.

೧೮೬೨ರಲ್ಲಿ ಮದರಾಸು ಹೈಕೋರ್ಟೂ, ೧೮೯೧ರಲ್ಲಿ ಅಲ್ಲಿಯ ಕಾಯಿದೆ ಕಾಲೇಜೂ ಸ್ಥಾಪಿತವಾದುವು. ೧೮೭೯ರ ಆಕ್ಟು ವಕೀಲರು, ಪ್ಲೀಡರುಗಳು, ಮುಖ್ತ್ಯಾರರು ಎಂದು ಶ್ರೇಣಿಗಳನ್ನು ಖಚಿತಗೊಳಿಸಿತು. ಪದವಿಯುಳ್ಳವನು ಬಿ. ಎಲ್. ಮಾಡಿ ಹೈಕೋರ್ಟಿನ ವಕೀಲನಾಗುವನು. ಪದವಿಯಿಲ್ಲದವನು ಪ್ಲೀಡರ್ ಪರೀಕ್ಷೆಗೆ ಕಟ್ಟಿ ಮುನ್ಸೀಫ್ ಕೋರ್ಟಿನಲ್ಲಿಯೋ ಜಿಲ್ಲಾ ಕೋರ್ಟಿನಲ್ಲಿಯೋ ವ್ಯವಹರಿಸುವನು. ಬಿ. ಎಲ್. ಆದ ಮಾತ್ರಕ್ಕೆ ಕೋರ್ಟಿನಲ್ಲಿ ನಿಂತು ಮಾತನಾಡುವ ಹಕ್ಕು ಬರುತ್ತಿರಲಿಲ್ಲ. ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಅಪ್ರೆಂಟಿಸನಾಗಿದ್ದು, ಬೆಳಗ್ಗೆ ಅವರ ಕಡತಗಳನ್ನೋದಿ, ಹಗಲು ಕೋರ್ಟಿನಲ್ಲಿ ಕುಳಿತು ವಾದಗಳನ್ನು ಕೇಳಿ ಬರೆದುಕೊಂಡು, ಸಂಜೆ ಪುನಃ ಕಚೇರಿಗೆ ಬರುವುದು ಆ ಕಾಲದ ಕ್ರಮ. ಬಳ್ಳಾರಿಯ ಹುಡುಗನು ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಮದರಾಸನ್ನು ಸೇರಿ, ತಿರುವಲ್ಲಿಕ್ಕೇಣಿಯಲ್ಲೋ ಮೈಲಾಪುರದಲ್ಲೋ ಕೊಠಡಿಯನ್ನು ಹಿಡಿದು, ಊಟದ ಮನೆಯ ಲೆಕ್ಕಕ್ಕೂ ಊರಿನಿಂದ ಬರುವ ಮನಿಯಾರ್ಡರಿಗೂ ನಡುವೆ ದಿನಗಳನ್ನು ಹೊಂದಿಸಿಕೊಳ್ಳಬೇಕಾಗಿತ್ತು. ಕಾಲೇಜು ಮುಗಿದು ಸನ್ನದು ಬಾರದಿರುವ ಈ ನಡುವಣ ಕಾಲವೇ ಎಲ್ಲಕ್ಕಿಂತಲೂ ಕಠಿನವಾದುದು. ವಿದ್ಯಾರ್ಥಿಯೆಂಬ ರಿಯಾಯಿತಿಯು ಹೋಗಿರುವುದು, ವಕೀಲನೆಂಬ ಸಂಪಾದನೆಯು ಬಂದಿರದು.

ಹಾಗೆ ವಕೀಲಿಯನ್ನು ಸಾಧಿಸಿದ ನಮ್ಮ ಜಿಲ್ಲೆಯ ಹಿರಿಯರಲ್ಲಿ ಒಂದು ವೈಚಿತ್ರ್ಯವನ್ನು ಕಾಣಬಹುದು. ಧರ್ಮವರಂ ರಾಮಕೃಷ್ಣಮಾಚಾರ್ಯರು (೧೮೫೩–೧೯೧೨) ಬಳ್ಳಾರಿಯಲ್ಲಿ ವಕೀಲರು. ಲೋಕವು ಅವರನ್ನು ಬಲ್ಲದ್ದು ತೆಲುಗು ನಾಟಕದ ಪಿತಾಮಹರೆಂದು. ಕೋಲಾಚಲಂ ಶ್ರೀನಿವಾಸರಾಯರು (೧೮೫೪–೧೯೧೯) ವಕೀಲರು. ವಿಜಯನಗರದ ಪತನವನ್ನು ರಂಗಕ್ಕೆ ತಂದವರೂ ಅವರೇ. ಬಳ್ಳಾರಿ ರಾಘವರು (೧೮೮೦–೧೯೪೬) ೧೯೦೫ರಲ್ಲಿ ಮದರಾಸಿನ ಕಾಯಿದೆ ಕಾಲೇಜಿನಿಂದ ಹೊರಬಿದ್ದು ಬಳ್ಳಾರಿಯಲ್ಲಿ ವಕೀಲಿ ನಡೆಸಿದರು. ಅವರ ಹೆಸರಿನಲ್ಲಿ ಇಂದು ಬಳ್ಳಾರಿಯಲ್ಲಿರುವುದು ಕಲಾಮಂದಿರ. ಅದೇ ೧೯೦೫ರಲ್ಲಿ ಆಲೂರ ವೆಂಕಟರಾಯರು ಮುಂಬಯಿಯ ಕಾಯಿದೆ ಪರೀಕ್ಷೆಯನ್ನು ಮುಗಿಸಿ ಧಾರವಾಡದಲ್ಲಿ ವಕೀಲಿಗೆ ನಿಂತರು. ಅದೇ ವರ್ಷ ಹಂಪೆಗೆ ಬಂದು ಹಾಳುಬಿದ್ದ ರಾಜಧಾನಿಯನ್ನು ಕಂಡರು. ವಕೀಲಿಯು ಹಿಂದೆ ಸರಿಯಿತು. ಕರ್ನಾಟಕದ ಚರಿತ್ರೆಯೇ ಅವರ ಕಕ್ಷಿಯಾಯಿತು. ೧೯೧೭ರಲ್ಲಿ ಕರ್ನಾಟಕ ಗತವೈಭವವು ಹೊರಬಂದುದು ಈ ಯಾತ್ರೆಯ ಫಲವೇ. ಇವರೆಲ್ಲರೂ ಪರರ ಮಾತನ್ನು ಆಡುವುದನ್ನು ಕಾಯಿದೆಯ ಓದಿನಲ್ಲಿ ಕಲಿತು, ಒಬ್ಬರು ಪಾತ್ರಗಳಿಗೂ ಒಬ್ಬರು ನಾಡಿಗೂ ಆ ವಿದ್ಯೆಯನ್ನು ಸಲ್ಲಿಸಿದರೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

೩

ಈ ಹೆಸರುಗಳಲ್ಲಿ ಸ್ತ್ರೀಯರ ಹೆಸರೊಂದೂ ಇಲ್ಲದಿರುವುದನ್ನು ವಾಚಕರು ಗಮನಿಸಿರಬಹುದು. ಅದಕ್ಕೆ ಕಾರಣವು ಸ್ತ್ರೀಯರ ಅಸಾಮರ್ಥ್ಯವಲ್ಲ. ಕಾರ್ನೇಲಿಯಾ ಸೊರಾಬ್ಜಿಯವರು ೧೮೯೨ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾಯಿದೆಯ ಪರೀಕ್ಷೆಯನ್ನು ಕೊಟ್ಟರು, ಮುಂಬಯಿಯಲ್ಲಿ ಎಲ್ಎಲ್. ಬಿ. ಮಾಡಿದರು, ಅಲಹಾಬಾದಿನ ಪ್ಲೀಡರ್ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. ಪರೀಕ್ಷೆಗಳೆಲ್ಲವೂ ಆದುವು, ಸನ್ನದು ಮಾತ್ರ ಸಿಕ್ಕಲಿಲ್ಲ. ೧೯೧೬ರಲ್ಲಿ ರೆಜಿನಾ ಗುಹಾ ಅವರ ಅರ್ಜಿಯನ್ನು ಕಲ್ಕತ್ತಾ ಹೈಕೋರ್ಟೂ, ೧೯೨೧ರಲ್ಲಿ ಸುಧಾಂಶುಬಾಲಾ ಹಾಜರಾ ಅವರ ಅರ್ಜಿಯನ್ನು ಪಟ್ನಾ ಹೈಕೋರ್ಟೂ ತಿರಸ್ಕರಿಸಿದುವು. ಕಾಯಿದೆಯಲ್ಲಿ ಹೇಳಿರುವ ವಕೀಲನೆಂಬ ಶಬ್ದವು ಪುರುಷನಿಗೆ ಮಾತ್ರ ಅನ್ವಯಿಸುವುದೆಂಬುದು ಅಂದಿನ ವ್ಯಾಖ್ಯಾನ. ಕಡೆಗೆ ೧೯೨೩ರ ಆಕ್ಟು ಈ ಅಡ್ಡಿಯನ್ನು ನಿವಾರಿಸಿತು. ಶಬ್ದದ ಲಿಂಗವು ಒಬ್ಬರ ಜೀವನವನ್ನು ಮೂವತ್ತು ವರ್ಷ ತಡೆಯಬಲ್ಲದೆಂದು ವ್ಯಾಕರಣವನ್ನೋದಿದ ನನಗೂ ತಿಳಿದಿರಲಿಲ್ಲ.

೧೯೫೩ನೆಯ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳ ಹೊರತಾಗಿ, ಮೈಸೂರಿಗೆ ಸೇರಿತು. ಮದರಾಸಿನ ದಾರಿಯು ಮುಚ್ಚಿ ಬೆಂಗಳೂರಿನ ದಾರಿಯು ತೆರೆಯಿತು. ೧೯೬೧ರ ಅಡ್ವೊಕೇಟರ ಅಧಿನಿಯಮವು ಹಳೆಯ ಶ್ರೇಣಿಗಳನ್ನೆಲ್ಲ ಕೂಡಿಸಿ, ದೇಶಕ್ಕೆಲ್ಲ ಒಂದೇ ವರ್ಗದ ನ್ಯಾಯವಾದಿಗಳನ್ನು ಏರ್ಪಡಿಸಿತು. ಅದರಲ್ಲಿಯೂ ಪದವಿಯ ಮೇಲೆ ತರಬೇತಿ, ತರಬೇತಿಯ ಮೇಲೆ ಪರೀಕ್ಷೆ ಎಂಬ ನಿಯಮವಿತ್ತು. ೧೯೭೩ರ ತಿದ್ದುಪಡಿಯಿಂದ ಅದನ್ನು ತೆಗೆದರು. ೧೯೯೫ರಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿಯನ್ನು ನಿಯಮಗಳ ಮೂಲಕ ಮರಳಿ ತಂದಿತು. ೧೯೯೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸುಧೀರರ ಮೊಕದ್ದಮೆಯಲ್ಲಿ ಆ ನಿಯಮಗಳನ್ನು ಅಸಿಂಧುವೆಂದಿತು. ಪುನಃ ೨೦೧೦ರಲ್ಲಿ ಪರಿಷತ್ತು ಅಖಿಲ ಭಾರತ ವಕೀಲಿ ಪರೀಕ್ಷೆಯನ್ನು ವಿಧಿಸಿತು. ಮೊದಲನೆಯ ಪರೀಕ್ಷೆಯು ೨೦೧೧ನೆಯ ಮಾರ್ಚ್ ೬ರಂದು ನಡೆಯಿತು. ಪರಿಷತ್ತಿಗೆ ಈ ಅಧಿಕಾರವುಂಟೆಂದು ೨೦೨೩ನೆಯ ಫೆಬ್ರವರಿ ೧೦ರಂದು ಐವರು ನ್ಯಾಯಾಧೀಶರ ಸಂವಿಧಾನಪೀಠವು ತೀರ್ಮಾನಿಸಿ, ೧೯೯೯ರ ತೀರ್ಪು ಸರಿಯಲ್ಲವೆಂದು ಹೇಳಿತು. ಹೀಗೆ ೧೮೫೬ರ ಹೊಸ್ತಿಲನ್ನು ಒಮ್ಮೆ ಎತ್ತಿ, ಒಮ್ಮೆ ಕಿತ್ತು, ಕಡೆಗೆ ಮರಳಿ ಅಲ್ಲಿಯೇ ಇಟ್ಟಂತಾಯಿತು.

ಈಗಿನ ಪರೀಕ್ಷೆಯ ಸ್ವರೂಪವು ಹೀಗಿದೆ. ನೂರು ಪ್ರಶ್ನೆಗಳು, ಒಂದೊಂದಕ್ಕೆ ನಾಲ್ಕು ಉತ್ತರಗಳನ್ನು ಕೊಟ್ಟು ಒಂದನ್ನು ಆರಿಸೆನ್ನುವರು. ತಪ್ಪಿಗೆ ಅಂಕವನ್ನು ಕಳೆಯುವುದಿಲ್ಲ. ನೂರಕ್ಕೆ ನಲವತ್ತೈದು, ಪರಿಶಿಷ್ಟರಿಗೆ ನಲವತ್ತು ಬಂದರೆ ತೇರ್ಗಡೆ. ಕನ್ನಡದಲ್ಲಿಯೂ ಬರೆಯಬಹುದು. ಮೊದಲಿಗೆ ಯಾವ ಪುಸ್ತಕವನ್ನಾದರೂ ಒಯ್ಯಲು ಅಪ್ಪಣೆಯಿದ್ದಿತು. ಆಮೇಲೆ ವ್ಯಾಖ್ಯಾನವಿಲ್ಲದ ಬರಿಯ ಅಧಿನಿಯಮಗಳಿಗೆ ಮಾತ್ರ ಎಂದು ಮಿತಗೊಳಿಸಿದರು. ಮಿಥಿಲೆಯ ಶಲಾಕಾಪರೀಕ್ಷೆಯು ನನಗೆ ಜ್ಞಾಪಕಕ್ಕೆ ಬಂದಿತು. ಅಲ್ಲಿ ತಾಳೆಗರಿಯ ಕಟ್ಟಿಗೆ ಶಲಾಕೆಯನ್ನು ಚುಚ್ಚಿ, ಅದು ಯಾವ ಗರಿಯನ್ನು ಮುಟ್ಟಿತೋ ಅದನ್ನು ವ್ಯಾಖ್ಯಾನಿಸೆನ್ನುತ್ತಿದ್ದರಷ್ಟೆ. ಗ್ರಂಥವು ಎದುರಿಗಿದ್ದರೂ, ಓದದವನಿಗೆ ಅದರಿಂದ ಉಪಕಾರವಿಲ್ಲವೆಂಬುದು ಎರಡರಲ್ಲಿಯೂ ಸಮಾನ.

೪

ಇನ್ನು ಕಡ್ಡಿರಾಂಪುರದ ಹುಡುಗಿಯ ವಿಷಯಕ್ಕೆ ಬರುವೆನು. ಇಸವಿ ೨೦೧೧ರಲ್ಲಿ ಆಕೆಗೆ ಹತ್ತು ವರ್ಷ. ಆಕೆಯ ಅಜ್ಜನು ಹಂಪೆಯಲ್ಲಿ ತೆಂಗಿನಕಾಯಿ, ಕರ್ಪೂರ, ವಿಭೂತಿಗಳನ್ನು ಮಾರುತ್ತಿದ್ದವನು. ಒಂದು ಸಂಜೆ ಅವನು ಒಂದು ಕಾಗದವನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದು, “ಮೇಷ್ಟ್ರೇ, ಇದರಲ್ಲಿ ಏನಿದೆ ಓದಿ ಹೇಳಿರಿ” ಎಂದನು. ನಾನು ಓದಿದೆನು. ಪ್ರತಿಯೊಂದು ಶಬ್ದವೂ ನನಗೆ ತಿಳಿಯಿತು; ಅದರಿಂದ ಅವನು ಮಾಡಬೇಕಾದುದೇನು, ಎಷ್ಟು ದಿನದೊಳಗೆ, ಯಾರಲ್ಲಿಗೆ ಹೋಗಿ ಏನೆಂದು ಹೇಳಿಕೊಳ್ಳಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ಮಿತಾಕ್ಷರೆಯ ಪಂಕ್ತಿಗಳನ್ನು ಬಾಯಿಪಾಠ ಹೇಳಬಲ್ಲ ನಾನು ಆ ಒಂದು ಹಾಳೆಯ ಮುಂದೆ ಮೂಕನಾದೆನು. “ವಕೀಲರನ್ನು ಕೇಳು” ಎಂದಷ್ಟೇ ಹೇಳಿ ಕಳುಹಿಸಿದೆನು. ಅವನು ಯಾರನ್ನಾದರೂ ಕೇಳಿದನೋ ಇಲ್ಲವೋ ನಾನು ವಿಚಾರಿಸಲಿಲ್ಲ. ಸ್ಮಾರಕಗಳನ್ನು ಉಳಿಸಬೇಕಾದುದು ಧರ್ಮವೇ; ಅದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ತನ್ನ ಮಾತನ್ನು ಎಲ್ಲಿ ಹೇಳಿಕೊಳ್ಳಬೇಕೆಂಬುದನ್ನೂ ಅರಿಯದೆ ಒಬ್ಬ ಮುದುಕನು ತನ್ನ ಅಂಗಡಿಯನ್ನು ಬಿಟ್ಟುಬಂದನು. ಅವನಿಗೆ ಅದನ್ನು ತಿಳಿಸಬೇಕಾಗಿದ್ದವನು ನಾನಾಗಿದ್ದೆನೆಂಬ ಕೊರಗು ನನ್ನನ್ನು ಬಿಡಲಿಲ್ಲ. ಅವನು ಈಗಿಲ್ಲ.

ಅವನ ಮೊಮ್ಮಗಳು ಐದು ವರ್ಷದ ಕಾಯಿದೆ ವ್ಯಾಸಂಗವನ್ನು ೨೦೨೪ರಲ್ಲಿ ಮುಗಿಸಿದಳು. ಅದೇ ವರ್ಷ ಜುಲೈ ೧ರಂದು ಮೂರು ಹೊಸ ಸಂಹಿತೆಗಳು ಜಾರಿಗೆ ಬಂದುವು. ೧೮೬೦ರ ದಂಡಸಂಹಿತೆಯ ೫೧೧ ಪ್ರಕರಣಗಳಿದ್ದೆಡೆಯಲ್ಲಿ ಭಾರತೀಯ ನ್ಯಾಯಸಂಹಿತೆಯ ೩೫೮. ಅಪರಾಧ ಪ್ರಕ್ರಿಯೆಯ ೪೮೪ಕ್ಕೆ ಬದಲಾಗಿ ನಾಗರಿಕ ಸುರಕ್ಷಾ ಸಂಹಿತೆಯ ೫೩೧. ಸಾಕ್ಷ್ಯದ ೧೬೭ಕ್ಕೆ ಬದಲಾಗಿ ೧೭೦. ಐದು ವರ್ಷ ಬಾಯಿಪಾಠ ಮಾಡಿದ ಸಂಖ್ಯೆಗಳೆಲ್ಲ ಒಂದೇ ಬೆಳಗಿನಲ್ಲಿ ಸ್ಥಾನಪಲ್ಲಟವಾದುವು. ಕೊಲೆಯ ದಂಡನೆಯು ೩೦೨ರಿಂದ ೧೦೩ಕ್ಕೂ, ಕಳ್ಳತನದ ದಂಡನೆಯು ೩೭೯ರಿಂದ ೩೦೩ಕ್ಕೂ, ಜನರ ಬಾಯಲ್ಲಿ ಬೈಗುಳವೇ ಆಗಿಹೋಗಿದ್ದ ೪೨೦ನೆಯ ವಂಚನೆಯು ೩೧೮ಕ್ಕೂ ಹೋದುವು. ಹಳೆಯ ಪಂಚಾಂಗದ ಹಾಳೆಗಳ ಬೆನ್ನಿನಲ್ಲಿ ಆಕೆಯು ಎಡಕ್ಕೆ ಹಳೆಯ ಸಂಖ್ಯೆ, ಬಲಕ್ಕೆ ಹೊಸ ಸಂಖ್ಯೆಗಳನ್ನು ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದ್ದಳು. ತಾಯಿಯು ರೊಟ್ಟಿ ತಟ್ಟುತ್ತ, “ಮುನ್ನೂರೆರಡು?” ಎಂದು ಕೇಳುವಳು, ಮಗಳು ನೀರು ತುಂಬುತ್ತ, “ನೂರಮೂರು” ಎನ್ನುವಳು. ಅಕ್ಷರವನ್ನು ಅಷ್ಟಾಗಿ ಬಲ್ಲದ ಆ ತಾಯಿಗೆ ವರ್ಷ ಕಳೆಯುವುದರೊಳಗೆ ಐವತ್ತು ಪ್ರಕರಣಗಳು ಕಂಠಸ್ಥವಾಗಿದ್ದುವು.

ಅದೇ ಜುಲೈ ತಿಂಗಳ ೩೦ರಂದು, ಸನ್ನದಿನ ನೋಂದಣಿಗೆ ಅಧಿನಿಯಮದಲ್ಲಿ ಹೇಳಿದ ೭೫೦ ರೂಪಾಯಿಗಳಿಗಿಂತ ಹೆಚ್ಚಾಗಿ ತೆಗೆದುಕೊಳ್ಳಕೂಡದೆಂದು, ಪರಿಶಿಷ್ಟರಿಂದ ೧೨೫ ಮಾತ್ರವೆಂದು, ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಇದರಿಂದ ಈ ಮನೆಯವರಿಗಾದ ಉಪಕಾರವು ಅಲ್ಪವಲ್ಲ. ಅದುವರೆಗೆ ನೋಂದಣಿಗೆ ಸಾವಿರಗಟ್ಟಲೆ ರೂಪಾಯಿಗಳು ಬೇಕಾಗುತ್ತಿದ್ದುವು. ಪರೀಕ್ಷೆಯ ಶುಲ್ಕವು ೩,೫೦೦ ರೂಪಾಯಿ ಬೇರೆ. ತಾತ್ಕಾಲಿಕ ಸನ್ನದನ್ನು ಪಡೆದವರು ಎರಡು ವರ್ಷದೊಳಗೆ ಪರೀಕ್ಷೆಯನ್ನು ಮುಗಿಸಬೇಕು.

ಆಕೆಯ ದಿನಚರಿಯು ಹೀಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಏಳುವುದು. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಮೊದಲು ನೀರು, ಬಾರದ ದಿನ ಮೊದಲು ಓದು. ಏಳಕ್ಕೆ ತಂದೆಯ ಚಹದಂಗಡಿಯ ಸಾಮಾನುಗಳನ್ನು ಹೊರಡಿಸುವುದು. ಎಂಟೂವರೆಯ ಬಸ್ಸಿಗೆ ಹೊಸಪೇಟೆ. ಅಲ್ಲಿ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕಡತಗಳನ್ನು ಜೋಡಿಸಿ, ಕೋರ್ಟಿನಲ್ಲಿ ವಾಯಿದೆಯ ತಾರೀಖುಗಳನ್ನು ಬರೆದುಕೊಂಡು, ನಕಲುಗಳಿಗೆ ಅರ್ಜಿ ಹಾಕಿ, ಸಂಜೆ ಏಳಕ್ಕೆ ಹಿಂದಿರುಗುವುದು. ಕೈಗೆ ಬರುತ್ತಿದ್ದುದು ಬಸ್ಸಿನ ಖರ್ಚು ಕಳೆದು ಸ್ವಲ್ಪವೇ. ರಾತ್ರಿ ಊಟವಾದ ಮೇಲೆ ಹನ್ನೊಂದರ ವರೆಗೆ ಓದು. ಚೈತ್ರ ವೈಶಾಖಗಳಲ್ಲಿ ನಮ್ಮ ಸೀಮೆಯ ಬಂಡೆಗಳು ಹಗಲುಂಡ ಬಿಸಿಲನ್ನು ರಾತ್ರಿಯೆಲ್ಲ ಕಾರುವುವು. ತಗಡಿನ ಮಾಡಿನ ಕೆಳಗೆ ಕುಳಿತು ಓದುವುದು ತಪಸ್ಸೇ ಸರಿ. ದೀಪ ಹೋದರೆ ಕೈಯ ಫೋನಿನ ಬೆಳಕು. ಮುತ್ತುಸ್ವಾಮಿ ಅಯ್ಯರ ಬೀದಿದೀಪವು ಇಂದು ಅಂಗೈಗೆ ಇಳಿದಿದೆಯೆಂದು ನಾನು ಹೇಳಲು, ಆಕೆಯು ನಕ್ಕು, “ಬೀದಿದೀಪಕ್ಕೆ ಚಾರ್ಜು ಮುಗಿಯುತ್ತಿರಲಿಲ್ಲ, ಮೇಷ್ಟ್ರೇ” ಎಂದಳು.

೨೦೨೪ರ ಡಿಸೆಂಬರಿನ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದಳು, ಸ್ವಲ್ಪದರಲ್ಲಿ ತಪ್ಪಿತು. ಹಿಂದಿರುಗಿದ ಮೇಲೆ ಎಂಟು ದಿನ ಪುಸ್ತಕವನ್ನು ಮುಟ್ಟಲಿಲ್ಲವೆಂದು ತಾಯಿಯು ಹೇಳಿದಳು. ಮದುವೆಯ ಮಾತು ಎದ್ದಿತು. ಒಂದು ಭಾನುವಾರ ಆಕೆಯೇ ನನ್ನಲ್ಲಿಗೆ ಬಂದು, ಕನ್ನಡದಲ್ಲಿ ಬರೆಯುವುದಾಗಿಯೂ, ಪರಿಭಾಷೆಗೆ ನನ್ನ ಸಹಾಯ ಬೇಕೆಂದೂ ಕೇಳಿದಳು. ಕಾಯಿದೆಯ ಕನ್ನಡವೆಂದರೆ ಅರ್ಧಕ್ಕರ್ಧ ಸಂಸ್ಕೃತವಷ್ಟೆ. ಅದನ್ನು ಬಿಡಿಸಿ ಹೇಳುವುದು ನನ್ನಿಂದಾಗಬಹುದಾದ ಕೆಲಸ. ಅಂದಿನಿಂದ ಪ್ರತಿ ಭಾನುವಾರ ಕಡ್ಡಿರಾಂಪುರಕ್ಕೆ ಹೋಗತೊಡಗಿದೆನು. ಸಿವಿಲ್ ಪ್ರಕ್ರಿಯೆಯ ೧೫೮ ಪ್ರಕರಣ, ೫೧ ಆದೇಶಗಳ ಅರಣ್ಯದಲ್ಲಿ ಆಕೆಯು ದಿಕ್ಕುಗೆಟ್ಟಿದ್ದಾಗ, ಭಾಷೆ, ಉತ್ತರ, ಕ್ರಿಯೆ, ಸಿದ್ಧಿಯೆಂಬ ನಾಲ್ಕು ಪಾದಗಳನ್ನು ಹೇಳಿಕೊಟ್ಟೆನು. ದಾವಾಪತ್ರವೂ ಪ್ರತಿವಾದಪತ್ರವೂ ಸಾಕ್ಷ್ಯವೂ ಡಿಕ್ರಿಯೂ ಒಂದೊಂದು ಗೂಟಕ್ಕೆ ಕಟ್ಟಿದ ಹಸುಗಳಂತೆ ತಂತಮ್ಮ ಸ್ಥಳದಲ್ಲಿ ನಿಂತುವು. ಪ್ರಾಙ್ನ್ಯಾಯವನ್ನು ವಿವರಿಸಿದ ದಿನ ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಜ್ಜನ ಸಂಗತಿಯೂ ತೀರಿಹೋದದ್ದೇ?” ಎಂದು ಕೇಳಿದಳು. ವಿಚಾರಣೆಯಾಗಿ ತೀರ್ಮಾನವಾದುದಕ್ಕೆ ಮಾತ್ರ ಪ್ರಾಙ್ನ್ಯಾಯವು ಅನ್ವಯಿಸುವುದೆಂದು ಗ್ರಂಥದಲ್ಲಿರುವುದನ್ನು ಹೇಳಿದೆನು. ಹೇಳದೆ ಹೋದ ಮಾತಿಗೆ ಯಾವ ನ್ಯಾಯವು ಅನ್ವಯಿಸುವುದೆಂದು ಆಕೆಯು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುವರ್ಷದ ನವೆಂಬರಿನಲ್ಲಿ ಎರಡನೆಯ ಸಲದ ಪರೀಕ್ಷೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯ ಪ್ರಯಾಣ, ಸಂಗಡ ತಂದೆ. ಚೀಲದಲ್ಲಿ ಬರಿಯ ಅಧಿನಿಯಮಗಳು, ಒಂದು ಸೀಸೆ ನೀರು, ಎರಡು ದಿನದ ರೊಟ್ಟಿ. ಗೋಡೆಯ ಹಾಳೆಗಳನ್ನು ಕೀಳಬೇಡವೆಂದು ತಾಯಿಗೆ ಹೇಳಿ ಹೊರಟಳು. ತಪ್ಪಿದರೆ ಮತ್ತೆ ಬೇಕಾದೀತೆಂಬ ಮುಂದಾಲೋಚನೆ. ಫಲಿತಾಂಶವು ಬಂದಾಗ ತೇರ್ಗಡೆಯಾಗಿತ್ತು. ಹಾಳೆಗಳು ಈಗಲೂ ಅಲ್ಲಿಯೇ ಇವೆ, ತಾಯಿಯೇ ಕೀಳಗೊಡಲಿಲ್ಲವಂತೆ.

ಪರೀಕ್ಷೆಯೊಂದರಿಂದ ಒಳ್ಳೆಯ ನ್ಯಾಯವಾದಿಯು ಹುಟ್ಟುವನೇ ಎಂಬ ಪ್ರಶ್ನೆಯು ಬಹಳ ಹಳೆಯದು. ನಾಲ್ಕರಲ್ಲೊಂದನ್ನು ಆರಿಸುವ ಪರೀಕ್ಷೆಯು ಜ್ಞಾಪಕಶಕ್ತಿಯನ್ನು ಅಳೆಯಬಲ್ಲದೇ ಹೊರತು ವಿವೇಕವನ್ನಲ್ಲವೆಂದು ಹೇಳುವವರುಂಟು. ಕಕ್ಷಿಗಾರನ ರಕ್ಷಣೆಗೆ ಕನಿಷ್ಠವಾದೊಂದು ಅಳತೆಯಾದರೂ ಇರಬೇಕೆನ್ನುವವರೂ ಉಂಟು. ಎರಡೂ ಪಕ್ಷಗಳಲ್ಲಿ ಸತ್ಯವಿದೆ. ಹಿಂದಿನವರ ಅಪ್ರೆಂ­ಟಿಸ್ ವರ್ಷವು ಪರೀಕ್ಷೆಗಿಂತ ಹೆಚ್ಚನ್ನು ಕಲಿಸುತ್ತಿದ್ದಿರಬೇಕೆಂದು ನನಗೆ ತೋರುವುದು. ಆದರೆ ಒಂದು ವರ್ಷ ಸಂಪಾದನೆಯಿಲ್ಲದೆ ಇರಬಲ್ಲವರಿಗೆ ಮಾತ್ರ ಅದು ದಕ್ಕುತ್ತಿದ್ದಿತೆಂಬುದನ್ನೂ ಮರೆಯಕೂಡದು. ಕಡ್ಡಿರಾಂಪುರದ ಮನೆಯವರು ಎರಡನ್ನೂ ಒಟ್ಟಿಗೆ ಹೊತ್ತರು.

ಕಳೆದ ತಿಂಗಳು ನಾನು ಅಲ್ಲಿಗೆ ಹೋಗಿದ್ದಾಗ ನೆರೆಮನೆಯ ಮುದುಕಿಯೊಬ್ಬಳು ಒಂದು ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ರೂಢಿಯಂತೆ ಅದನ್ನು ನನ್ನ ಕೈಗೆ ನೀಡಿದಳು. ನಾನು ಹುಡುಗಿಯ ಕಡೆಗೆ ಕೈ ತೋರಿಸಿದೆನು. ಆಕೆಯು ಓದಿ, ಮುದುಕಿಯನ್ನು ಜಗುಲಿಯ ಮೇಲೆ ಕುಳ್ಳಿರಿಸಿ, “ಇದಕ್ಕೆ ಮೂವತ್ತು ದಿನ ಸಮಯವುಂಟು, ಅಮ್ಮ. ಮೊದಲು ನಿಮ್ಮ ಮಾತನ್ನು ಹೇಳಿರಿ, ಬರೆದುಕೊಳ್ಳುತ್ತೇನೆ” ಎಂದಳು. ಮುದುಕಿಯು ಹೇಳತೊಡಗಿದಳು, ನಾನು ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆನು.